ನೀರು ಒಂದೇ, ತೊಳೆಯುವ ಬಗೆ ಮೂರು



ಬಡವರು ವಾಸಿಸುವ ಕೇರಿಗಳಿಗೆ ಹೋಗಿ ಆರೋಗ್ಯ ಮತ್ತು ಶುಚಿತ್ವದ ಬಗ್ಗೆ ತಿಳಿವಳಿಕೆ ಕೊಡುವುದು ನಮ್ಮ ಧರ್ಮಸಭೆಗೆ ಹೊಸ ಕೆಲಸವೇನಲ್ಲ. ಧರ್ಮಭಗಿನಿಯರು, ಯುವಜನರು, ಸ್ತ್ರೀ ಸಂಘದ ತಾಯಂದಿರು ಬಹಳ ವರ್ಷಗಳಿಂದ ಇದನ್ನು ಮಾಡುತ್ತಾ ಬಂದಿದ್ದಾರೆ. ಆದರೂ ವಿಶ್ವಾಸಿಗಳಲ್ಲಿ ಕೆಲವರಿಗೆ ಒಂದು ಸಂದೇಹ ಉಳಿದಿದೆ. ಸೋಪು, ಚರಂಡಿ, ಶೌಚಾಲಯ ಇವೆಲ್ಲ ನಗರಸಭೆಯವರ ಕೆಲಸವಲ್ಲವೇ, ಇದಕ್ಕೂ ಶುಭಸಂದೇಶಕ್ಕೂ ಏನು ಸಂಬಂಧ ಎಂದು ಅವರು ಕೇಳುತ್ತಾರೆ. ಇನ್ನೂ ಕೆಲವರು, "ಯೇಸುಸ್ವಾಮಿಯ ಶಿಷ್ಯರೇ ಕೈ ತೊಳೆಯದೆ ಊಟ ಮಾಡಿದರಂತಲ್ಲ, ಸ್ವಾಮಿ ಅವರ ಪರವಾಗಿಯೇ ಮಾತಾಡಿದರಂತಲ್ಲ?" ಎನ್ನುತ್ತಾರೆ.

ಪ್ರಶ್ನೆ ಒಳ್ಳೆಯದೇ. ಇದಕ್ಕೆ ಉತ್ತರ ಹುಡುಕಲು ಶುಭಸಂದೇಶದ ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟುಕೊಂಡು ಧ್ಯಾನಿಸೋಣ. ಒಂದರಲ್ಲಿ ಫರಿಸಾಯರು ಕೈ ತೊಳೆಯುತ್ತಾರೆ. ಇನ್ನೊಂದರಲ್ಲಿ ಪಿಲಾತ ಕೈ ತೊಳೆಯುತ್ತಾನೆ. ಮೂರನೆಯದರಲ್ಲಿ ಯೇಸುಸ್ವಾಮಿ ಇತರರ ಕಾಲು ತೊಳೆಯುತ್ತಾರೆ. ಮೂರರಲ್ಲಿಯೂ ಇರುವುದು ಅದೇ ನೀರು. ಆದರೆ ತೊಳೆಯುವ ಮನಸ್ಸು ಬೇರೆ ಬೇರೆ.

ಫರಿಸಾಯರ ನೀರು

ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಓದಿ ನೋಡಿ. ಫರಿಸಾಯರಿಗೆ ಬಟ್ಟಲು, ತಂಬಿಗೆ, ತಾಮ್ರದ ಪಾತ್ರೆಗಳನ್ನೆಲ್ಲ ತೊಳೆಯುವ ವಿಧಿಗಳಿದ್ದವು. ಪೇಟೆಯಿಂದ ಬಂದರೆ ತೊಳೆಯದೆ ಊಟಕ್ಕೆ ಕುಳಿತುಕೊಳ್ಳುವಂತಿರಲಿಲ್ಲ. ಇದರಲ್ಲಿ ತಪ್ಪೇನು ಎಂದು ನಮಗೆ ಅನ್ನಿಸಬಹುದು. ಇಂದಿನ ಡಾಕ್ಟರರೂ ಅದನ್ನೇ ಹೇಳುತ್ತಾರಲ್ಲ!

ಯೇಸುಸ್ವಾಮಿ ಆಕ್ಷೇಪಿಸಿದ್ದು ನೀರನ್ನಲ್ಲ. ಆ ತೊಳೆಯುವಿಕೆ ರೋಗ ಬಾರದಿರಲೆಂದು ಮಾಡಿದ್ದಾಗಿರಲಿಲ್ಲ. ನಾನು ಶುದ್ಧ, ನೀನು ಅಶುದ್ಧ ಎಂದು ಗೆರೆ ಎಳೆಯುವುದಕ್ಕೆ ಅದು ಉಪಯೋಗವಾಗುತ್ತಿತ್ತು. ಅದೇ ಜನ ಕೊರ್ಬಾನ್ ಎಂಬ ನೆಪ ಹೇಳಿ ಹೆತ್ತ ತಂದೆತಾಯಿಯರನ್ನು ನೋಡಿಕೊಳ್ಳದೆ ಬಿಡುತ್ತಿದ್ದುದನ್ನು ಸ್ವಾಮಿ ಆಗಲೇ ಎತ್ತಿ ತೋರಿಸಿದರು. ಕೈ ಶುಭ್ರವಾಗಿದೆ, ಹೃದಯ ಮಾತ್ರ ಕೊಳೆತಿದೆ, ಇದು ಅವರ ಆರೋಪ.

ಮಡಿ ಮೈಲಿಗೆಗಳ ನಮ್ಮ ನಾಡಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಬಾವಿಯಿಂದ ನೀರು ಸೇದಲು ಬಿಡದ ಊರುಗಳನ್ನು, ಬೇರೆ ಲೋಟ ಇಟ್ಟ ಹೋಟೆಲುಗಳನ್ನು ನಮ್ಮ ಹಿರಿಯರು ಕಂಡಿದ್ದಾರೆ. ಊರನ್ನು ಶುಚಿಯಾಗಿಟ್ಟವರನ್ನೇ ಅಶುಚಿ ಎಂದು ದೂರವಿಟ್ಟ ಸಮಾಜ ನಮ್ಮದು. ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ಕಾಲೊನಿಗಳಲ್ಲಿ ಒಣ ಶೌಚಾಲಯಗಳಿದ್ದವು. ಅಲ್ಲಿನ ಮಲವನ್ನು ಮನುಷ್ಯರೇ ಕೈಯಲ್ಲಿ ಬಳಿದು ಹೊರುತ್ತಿದ್ದರು. ಅಂಥ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಅನಿಷ್ಟದ ವಿರುದ್ಧ ಹೋರಾಟಕ್ಕೆ ನಿಂತರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಒಂದು ಕಾನೂನು, ಅದು ಸಾಲದೆಂದು 2013ರಲ್ಲಿ ಮತ್ತೊಂದು ಕಾನೂನು ಬರಬೇಕಾಯಿತು.

ಆದ್ದರಿಂದ ಶುಚಿತ್ವ ಕಲಿಸಲು ಹೊರಡುವವರು ಮೊದಲು ತಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು. "ಇವರು ಎಷ್ಟು ಹೇಳಿದರೂ ಇಷ್ಟೇ" ಎಂಬ ಮಾತು ನಮ್ಮ ಬಾಯಿಗೆ ಬಂದರೆ, ಮೂಗಿಗೆ ಕರವಸ್ತ್ರ ಹಿಡಿದುಕೊಂಡು ನಾವು ಅವರ ಬೀದಿಗೆ ಕಾಲಿಟ್ಟರೆ, ನಮ್ಮ ಕೈಯಲ್ಲಿರುವ ಸೋಪು ಎಷ್ಟೇ ಒಳ್ಳೆಯದಿರಲಿ, ನಾವು ಒಯ್ಯುತ್ತಿರುವುದು ಫರಿಸಾಯರ ನೀರನ್ನೇ.

ಇನ್ನೊಂದು ಸಂಗತಿಯನ್ನು ಗಮನಿಸಿ. ಕೈ ತೊಳೆಯುವ ಈ ವಾದ ಮುಗಿಯುತ್ತಲೇ ಯೇಸುಸ್ವಾಮಿ ಹೊರಟದ್ದು ಟೈರ್ ಪಟ್ಟಣದ ಕಡೆಗೆ, ಪರಕೀಯರ ನಾಡಿಗೆ. ಅಲ್ಲಿ ಅವರನ್ನು ಹುಡುಕಿಕೊಂಡು ಬಂದವಳು ನರಳುವ ಮಗಳ ತಾಯಿ. ಶುದ್ಧಾಶುದ್ಧದ ಚರ್ಚೆ ಒಬ್ಬ ತಾಯಿಯ ಅಳಲಿನ ಮುಂದೆ ಬಂದು ನಿಂತಿತು. ಸಂತ ಮಾರ್ಕ ಈ ಎರಡನ್ನೂ ಒಂದರ ಬೆನ್ನಿಗೆ ಒಂದು ಇಟ್ಟಿರುವುದು ನಮ್ಮನ್ನು ಯೋಚನೆಗೆ ಹಚ್ಚಬೇಕು.

ಪಿಲಾತನ ನೀರು

ಪಿಲಾತ ಜನರೆದುರಿಗೆ ನೀರು ತರಿಸಿ ಕೈ ತೊಳೆದುಕೊಂಡ (ಮತ್ತಾಯ 27:24). ಹೊಣೆ ಜಾರಿಸಿಕೊಳ್ಳುವುದಕ್ಕೆ ಕನ್ನಡದಲ್ಲಿ ಇಂದಿಗೂ "ಕೈ ತೊಳೆದುಕೊಂಡ" ಎಂದೇ ಹೇಳುತ್ತೇವೆ. ನೀತಿವಂತನೊಬ್ಬ ಸಾಯಲಿದ್ದಾನೆ ಎಂದು ಪಿಲಾತನಿಗೆ ಗೊತ್ತಿತ್ತು. ತಪ್ಪಿಸುವ ಅಧಿಕಾರವೂ ಅವನಿಗಿತ್ತು. ನೀರು ಸುರಿದುಕೊಂಡು ಸುಮ್ಮನಾದ.

ನಮ್ಮ ಮಹಾಧರ್ಮಕ್ಷೇತ್ರದ ವ್ಯಾಪ್ತಿಯಲ್ಲಿಯೇ ಇರುವ ತುಮಕೂರು ಜಿಲ್ಲೆಯ ಮಧುಗಿರಿ ಸೀಮೆಯನ್ನು ನೆನೆಯಿರಿ. ಆಂಧ್ರದ ಗಡಿಗೆ ತಾಗಿಕೊಂಡಿರುವ ಕೊಡಿಗೇನಹಳ್ಳಿ ಅಲ್ಲಿನ ಒಂದು ಹೋಬಳಿ ಕೇಂದ್ರ. ಆ ಭಾಗದಲ್ಲಿ ಹರಿಯುವ ಜಯಮಂಗಲಿ ನದಿಯಲ್ಲಿ ವರ್ಷದ ಹೆಚ್ಚು ದಿನ ಕಾಣುವುದು ಮರಳು. ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ತಾಲ್ಲೂಕುಗಳಲ್ಲಿ ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಬಂದದ್ದು ಫ್ಲೋರೈಡ್ ತುಂಬಿದ ನೀರು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಿಗೆ ಬಗ್ಗದ ಬೆನ್ನು, ನೋಯುವ ಕೀಲುಗಳು. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಊರ ಜಾತ್ರೆಯ ಬೆನ್ನಿಗೇ ವಾಂತಿ ಭೇದಿ ಕಾಣಿಸಿಕೊಂಡು ಮನೆ ಮನೆಯವರು ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಅದಕ್ಕೆ ಒಂದು ವರ್ಷ ಮುಂಚೆ, 2023ರ ಆಗಸ್ಟ್ ಆರಂಭದಲ್ಲಿ, ಪಕ್ಕದ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದಿದ್ದರು. ಅಲ್ಲಿಯೂ ಜೀವಗಳು ಹೋದವು.

ಈ ಸೀಮೆಯಲ್ಲಿ ಮಳೆ ಕೈಕೊಟ್ಟಾಗ ಎಷ್ಟೋ ಕುಟುಂಬಗಳು ಗಂಟು ಮೂಟೆ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತವೆ. ಗಾರೆ ಕೆಲಸ, ಗಾರ್ಮೆಂಟ್ಸ್, ಮನೆಗೆಲಸ, ಹೀಗೆ ಸಿಕ್ಕಿದ್ದು ಮಾಡುತ್ತಾರೆ. ವಾಸಕ್ಕೆ ತಗಡಿನ ಶೆಡ್ಡು, ಇಲ್ಲವೇ ವಠಾರದಲ್ಲಿ ಒಂದು ಕೋಣೆ. ಹತ್ತು ಮನೆಗೆ ಒಂದು ನಲ್ಲಿ, ಒಂದು ಶೌಚಾಲಯ. ಕುಡಿಯುವ ನೀರಿನ ಪೈಪು ಮೋರಿಯ ಪಕ್ಕದಲ್ಲಿಯೇ ಹಾದುಹೋಗಿರುತ್ತದೆ. ನಲ್ಲಿಯಲ್ಲಿ ನೀರು ಬಾರದ ಹೊತ್ತಿನಲ್ಲಿ ಪೈಪು ಖಾಲಿಯಾಗಿ, ಎಲ್ಲಾದರೂ ಬಿರುಕಿದ್ದರೆ ಹೊರಗಿನ ಕೊಳೆ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬಿಂದಿಗೆ ಇಟ್ಟವರ ಪಾಲಿಗೆ ಬರುವುದು ಅದೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಅಪಾರ್ಟ್‌ಮೆಂಟಿನವರೂ ಟ್ಯಾಂಕರಿಗೆ ಕಾದರು, ಅದು ಸುದ್ದಿಯಾಯಿತು. ಶೆಡ್ಡುಗಳಲ್ಲಿ ಇರುವವರು ಪ್ರತಿ ವರ್ಷವೂ ಕಾಯುತ್ತಾರೆ.

ಅಂಥ ಮನೆಯ ಮಗುವಿಗೆ ಭೇದಿಯಾದರೆ "ಅವರು ಶುಚಿಯಾಗಿರುವುದಿಲ್ಲ, ಅದಕ್ಕೇ" ಎನ್ನುವುದು ಸುಲಭ. ಅರ್ಧ ಬಿಂದಿಗೆ ನೀರಿನಲ್ಲಿ ಅಡುಗೆ, ಪಾತ್ರೆ, ಮಕ್ಕಳ ಸ್ನಾನ ಎಲ್ಲವನ್ನೂ ಮುಗಿಸಬೇಕಾದ ತಾಯಿಗೆ "ದಿನಕ್ಕೆ ಆರು ಸಲ ಕೈ ತೊಳೆಯಮ್ಮಾ" ಎಂದು ಹೇಳಿ ಕರಪತ್ರ ಕೊಟ್ಟು ಬರುವುದೂ ಸುಲಭ. ಹೇಳುವುದು ಹೇಳಿಯಾಯಿತು, ಕೇಳದಿದ್ದರೆ ಅವರ ಕರ್ಮ ಎಂದುಕೊಂಡು ಬಂದರೆ ಅದು ಪಿಲಾತನ ಕೈತೊಳೆತ. ಒಡೆದ ಪೈಪಿನ ಬಗ್ಗೆ ಆ ಕೇರಿಯವರ ಜೊತೆ ವಾರ್ಡಿನ ಕಚೇರಿಗೆ ಹೋಗಿ ಅರ್ಜಿ ಕೊಡುವುದೂ ಶುಚಿತ್ವದ ಪಾಠದಲ್ಲಿ ಸೇರಿದೆ. ಕೂಲಿ ಬಿಟ್ಟು ಹತ್ತು ಸಲ ಕಚೇರಿ ಅಲೆಯುವುದು ಅವರಿಂದಾಗದು. ಅಕ್ಷರ ಬಲ್ಲ, ರಜೆ ಸಿಗುವ ನಮ್ಮಂಥವರಿಂದ ಆದೀತು.

ಯೇಸುಸ್ವಾಮಿಯ ನೀರು

ಕೊನೆಯ ಭೋಜನದ ರಾತ್ರಿ ಯೇಸುಸ್ವಾಮಿ ಮೇಲುಹೊದಿಕೆ ತೆಗೆದಿಟ್ಟು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆದರು (ಯೊವಾನ್ನ 13:1-15). ಪ್ರತಿ ಪವಿತ್ರ ಗುರುವಾರ ನಾವು ಇದನ್ನು ಕಣ್ಣಾರೆ ಕಾಣುತ್ತೇವೆ. ಆದರೆ ಪೇತ್ರನ ಸಂಕೋಚವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಗುರುಗಳು ನನ್ನ ಧೂಳು ಹಿಡಿದ ಕಾಲನ್ನು ನೋಡುತ್ತಾರಲ್ಲ, ಮುಟ್ಟುತ್ತಾರಲ್ಲ ಎಂಬ ನಾಚಿಕೆ ಅದು. ತನ್ನ ಒಂದು ಕೋಣೆಯ ಮನೆಗೆ ಯಾರೋ ವಿದ್ಯಾವಂತರು ಬಂದು ಒಲೆ, ಬಚ್ಚಲು, ನೀರಿನ ಡ್ರಮ್ಮು ನೋಡುವಾಗ ಆ ಮನೆಯಾಕೆಗೆ ಆಗುವ ನಾಚಿಕೆಯೂ ಅದೇ. ಅವಳು ನಮ್ಮ ಮಾತಿಗೆಲ್ಲ ಹೂಂಗುಟ್ಟುತ್ತಾಳೆ. ಯಾವಾಗ ಹೊರಟಾರು ಎಂದು ಕಾಯುತ್ತಾಳೆ. ಆ ನಾಚಿಕೆ ಕರಗದೆ ಯಾವ ಪಾಠವೂ ಒಳಕ್ಕೆ ಇಳಿಯದು. ಯೇಸುಸ್ವಾಮಿ ಬಾಗಿ ಕುಳಿತರು, ಆದ್ದರಿಂದ ಪೇತ್ರ ಕಾಲು ಚಾಚಿದ.

"ನಿನ್ನ ಕೈ ಕೊಳಕು" ಎಂಬ ಮಾತು ಬಡವರನ್ನು ಮಾತ್ರ ನೋಯಿಸುವುದಿಲ್ಲ. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರು ಒಂದು ವಿಷಯ ಕಂಡುಹಿಡಿದರು. ಶವ ಕೊಯ್ದು ಬಂದ ಡಾಕ್ಟರರು ಅದೇ ಕೈಯಲ್ಲಿ ಹೆರಿಗೆ ಮಾಡಿಸುತ್ತಿದ್ದರು, ಅದರಿಂದ ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದು ಒಳಗೆ ಬರಬೇಕೆಂದು ಅವರು ನಿಯಮ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟು ಇದ್ದ ಸಾವು ಕೆಲವೇ ತಿಂಗಳಲ್ಲಿ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ಅನೇಕ ಡಾಕ್ಟರರು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ರೋಗ ಹರಡಿತೆಂದು ಕೇಳುವುದು ಅವರಿಗೆ ಅವಮಾನವೆನಿಸಿತು. ಅಷ್ಟು ಓದಿದವರಿಗೇ ಹಾಗಾದರೆ, ಹೊರಗಿನವರೊಬ್ಬರು ಬಂದು ತನ್ನ ಅಡುಗೆಯ ಕೈಯನ್ನು ಹಳಿದರೆ ಒಬ್ಬ ತಾಯಿಗೆ ಹೇಗಾಗಬೇಡ?

ಕಲಿಸುವ ಕ್ರಮವನ್ನು ಯೇಸುಸ್ವಾಮಿ ಸಮಾರಿಯದ ಬಾವಿಕಟ್ಟೆಯಲ್ಲಿಯೂ ತೋರಿಸಿಕೊಟ್ಟರು (ಯೊವಾನ್ನ 4). ಯೆಹೂದ್ಯರು ಸಮಾರಿಯದವರ ಪಾತ್ರೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಸ್ವಾಮಿ ಬೋಧನೆಗೆ ಮುಂಚೆ ಕೇಳಿದ್ದು ಕುಡಿಯಲು ನೀರು. ನಾವು ಕೇರಿಯ ಒಂದು ಮನೆಗೆ ಹೋದಾಗ ಅವರು ಮೊದಲು ತಂದಿಡುವುದೂ ಒಂದು ಚೊಂಬು ನೀರು. ಆಗ ಏನು ಮಾಡಬೇಕು? ಮುಖ ಸಿಂಡರಿಸಿ ಬೇಡವೆಂದರೆ ಅಂದಿನ ಪಾಠ ಅಲ್ಲಿಗೇ ಮುಗಿಯಿತು. "ಅಕ್ಕಾ, ಒಂದು ಲೋಟ ಚಹಾ ಕೊಡಿ" ಎಂದು ಕೇಳಿ ಕುಳಿತುಕೊಳ್ಳಿ. ಚಹಾದ ನೀರು ಕುದಿದಿರುತ್ತದೆ, ಅವರ ಕೈಯ ಉಪಚಾರ ಪಡೆದಂತೆಯೂ ಆಗುತ್ತದೆ. ಚಹಾ ಕುದಿಯುವಷ್ಟರಲ್ಲಿ "ಈ ನೀರು ಎಲ್ಲಿಂದ ಹಿಡಿಯುತ್ತೀರಿ? ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಯಾವುದರಲ್ಲಿ ತುಂಬಿಡುತ್ತೀರಿ?" ಎಂದು ವಿಚಾರಿಸಿ. ಈ ಮೂರು ಪ್ರಶ್ನೆಗೆ ಅವರು ಕೊಡುವ ಉತ್ತರ ತಿಳಿಯದೆ ಕಲಿಸಲು ತೊಡಗಬಾರದು.

ಒಂದು ಉದಾಹರಣೆ ಸಾಕು. "ನೀರು ಕುದಿಸಿ ಕುಡಿಯಿರಿ" ಎಂಬುದು ಎಲ್ಲರಿಗೂ ಬಾಯಿಪಾಠವಾದ ಉಪದೇಶ. ರೋಗಾಣುಗಳಿಗೆ ಅದು ಸರಿಯಾದ ಮದ್ದು. ಆದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಆದ್ದರಿಂದ ಕೊಡಿಗೇನಹಳ್ಳಿಯ ಕಡೆ ಕೊಳವೆಬಾವಿ ನೀರು ಕುಡಿಯುವ ಮನೆಯಲ್ಲಿ ಹೇಳಬೇಕಾದದ್ದು ಬೇರೆ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರು ಅಥವಾ ಶುಚಿಯಾಗಿ ಹಿಡಿದಿಟ್ಟ ಮಳೆನೀರು, ಉಳಿದ ಕೆಲಸಕ್ಕೆ ಕೊಳವೆಬಾವಿ ನೀರು ಎಂದು ಹೇಳಬೇಕು. ಊರು ತಿಳಿಯದವನ ಉಪದೇಶ ಊರಿಗೆ ಒಗ್ಗುವುದಿಲ್ಲ.

ತಾಯಂದಿರ ಕೈಗೆ ಕೊಟ್ಟ ಮದ್ದು

ಬಡವರನ್ನು ನಂಬಿ ಅವರ ಕೈಗೇ ವಿದ್ಯೆಯನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಸಾಕ್ಷಿಯಿದೆ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರಕ್ಕೆ ಕಾಲರಾ ತಗುಲಿತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಗ್ಲೂಕೋಸ್, ಅಡಿಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ನೂರಕ್ಕೆ 30ರಷ್ಟು ಸಾಯುತ್ತಿದ್ದ ಕಡೆ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ಆ ಡಾಕ್ಟರು ತೀರಿಕೊಂಡರು, ಮರುವರ್ಷ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದಿತು. ಇಂದು ಅಂಗನವಾಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಇಂಥ ನಂಬಿಕೆಯಿದೆ.

ನಮ್ಮ ಧರ್ಮಸಭೆಯೂ ಈ ದಾರಿ ಹಿಡಿದಿತ್ತು. ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆ 1886ರಿಂದ ರೋಗಿಗಳ ಸೇವೆಯಲ್ಲಿದೆ. ಆಸ್ಟ್ರೇಲಿಯಾದಿಂದ 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದ ಡಾಕ್ಟರ್ ಸಿಸ್ಟರ್ ಮೇರಿ ಗ್ಲೋರಿ ತಾವೊಬ್ಬರೇ ಮದ್ದು ಕೊಡುತ್ತಾ ಕೂರಲಿಲ್ಲ. ಸ್ಥಳೀಯ ಹೆಣ್ಣುಮಕ್ಕಳಿಗೇ ಸೂಲಗಿತ್ತಿಯ, ದಾದಿಯ ಕೆಲಸ ಕಲಿಸಿದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. 1957ರಲ್ಲಿ ಬೆಂಗಳೂರಿನಲ್ಲಿಯೇ ಅವರು ಪ್ರಭುವಿನಲ್ಲಿ ನಿದ್ರೆಹೋದರು.

ಏನು ಕಲಿಸಬೇಕು?

ಪಾಠ ಉದ್ದವಾಗುವುದು ಬೇಡ. ಒಂದು ಭೇಟಿಗೆ ಒಂದೇ ವಿಷಯ ಸಾಕು. ಮತ್ತೆ ಮತ್ತೆ ಹೋಗುವುದು ಮುಖ್ಯ.

ನೀರು ಕಡಿಮೆ ಇದ್ದ ಮನೆಯಲ್ಲಿ ಕೈ ತೊಳೆಯಲು ಎರಡು ಹೊತ್ತನ್ನು ಮಾತ್ರ ಬಿಡಬಾರದೆಂದು ಹೇಳಿ: ಶೌಚಕ್ಕೆ ಹೋಗಿ ಬಂದ ಮೇಲೆ ಅಥವಾ ಮಗುವಿನ ಮಲ ತೊಳೆದ ಮೇಲೆ, ಮತ್ತು ಅಡುಗೆ ಮಾಡುವ, ಉಣ್ಣುವ, ಉಣಿಸುವ ಮುಂಚೆ. ಸೋಪು ಮುಗಿದಿದ್ದರೆ ಒಲೆಯ ಬೂದಿಯಾದರೂ ಆಗುತ್ತದೆ. ಎಳೆಯ ಮಗುವಿನ ಮಲದಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ತಪ್ಪು, ಅದನ್ನೂ ಶೌಚಾಲಯಕ್ಕೇ ಹಾಕಬೇಕು. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಇರಲಿ, ಕೈ ಅದ್ದದಂತೆ ಉದ್ದ ಹಿಡಿಯ ಸೌಟಿನಿಂದ ನೀರು ತೆಗೆಯಲಿ.

ಡೆಂಗಿ ಜ್ವರದ ಸೊಳ್ಳೆ ಮೋರಿಯಲ್ಲಿ ಅಲ್ಲ, ಮನೆಯಲ್ಲಿ ತುಂಬಿಟ್ಟ ತಿಳಿ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ಆದ್ದರಿಂದ ಡ್ರಮ್ಮನ್ನು ಬಟ್ಟೆ ಕಟ್ಟಿ ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಬದಿ ಉಜ್ಜಿದರೆ ಸೊಳ್ಳೆ ಹುಟ್ಟುವುದಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ದಂಡಕ್ಕಿಂತ ಮುಂಚೆ ಈ ತಿಳಿವಳಿಕೆ ಮನೆ ತಲುಪಬೇಕು.

ಮಗುವಿಗೆ ಭೇದಿಯಾದಾಗ ನೀರು ಕೊಡದೆ ಒಣಗಿಸುವುದು ಅಪಾಯ. ತಾಯಿಹಾಲು ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟು ಶುದ್ಧ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕೊಡಬಹುದು. ಉಪ್ಪು ಹೆಚ್ಚಾಗಬಾರದು. ಒಂದು ದಿನ ಕಳೆದರೆ ಅದನ್ನು ಚೆಲ್ಲಿ ಹೊಸದು ಮಾಡಬೇಕು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಆ ಬೀದಿಯ ಆಶಾ ಕಾರ್ಯಕರ್ತೆ ಯಾರೆಂದು ತಿಳಿದುಕೊಂಡು ಅವರ ಜೊತೆ ಸೇರಿ ಕೆಲಸ ಮಾಡಿ.

ಇದನ್ನೆಲ್ಲ ನಾವೇ ನಿಂತು ಹೇಳುವುದಕ್ಕಿಂತ ಆ ಕೇರಿಯದೇ ಒಬ್ಬ ತಾಯಿ ಕಲಿತು ಪಕ್ಕದ ಮನೆಗೆ ಹೇಳಿದರೆ ಹೆಚ್ಚು ನಾಟುತ್ತದೆ. ಅವಳ ಮಾತಿನಲ್ಲಿ ಹಳಿಯುವ ದನಿ ಇರುವುದಿಲ್ಲ. ಅರ್ಧ ಬಿಂದಿಗೆಯ ಕಷ್ಟ ಅವಳಿಗೂ ಗೊತ್ತು.

ಬಲಿಪೂಜೆಯಲ್ಲಿ ಕಾಣಿಕೆಗಳನ್ನು ಅರ್ಪಿಸಿದ ಮೇಲೆ ಗುರುಗಳು ಪೀಠದ ಬದಿಯಲ್ಲಿ ಕೈ ತೊಳೆದುಕೊಳ್ಳುವುದನ್ನು ನೋಡುತ್ತೇವೆ. ಆ ಕೈಗಳು ಮರುಕ್ಷಣದಲ್ಲಿ ಎಲ್ಲರಿಗಾಗಿ ರೊಟ್ಟಿಯನ್ನು ಎತ್ತಿ ಹಿಡಿಯುತ್ತವೆ, ಮುರಿದು ಹಂಚುತ್ತವೆ. ಹಂಚುವುದಕ್ಕಾಗಿ ತೊಳೆದ ಕೈ ಅದು. ನಮ್ಮ ಕೈಗಳೂ ಹಾಗೆ ತೊಳೆಯಲ್ಪಟ್ಟಿವೆಯೇ, ಇಲ್ಲವೇ ಪಿಲಾತನ ಕೈಗಳಂತೆ ಶುಭ್ರವಾಗಿ ಖಾಲಿಯಾಗಿವೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳೋಣ.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಗೆಲಸಕ್ಕೆ ಬರುವವರಿಗೆ, ಬೀದಿ ಗುಡಿಸುವ ಪೌರಕಾರ್ಮಿಕರಿಗೆ ನಾವು ಯಾವ ಲೋಟದಲ್ಲಿ ನೀರು ಕೊಡುತ್ತೇವೆ? ಅವರು ಕೈ ತೊಳೆದುಕೊಳ್ಳಲು ನಮ್ಮ ಮನೆಯಲ್ಲಿ ಸ್ಥಳವಿದೆಯೇ?

2. ನಮ್ಮ ಧರ್ಮಕೇಂದ್ರದ ವ್ಯಾಪ್ತಿಯಲ್ಲಿ ಶೆಡ್ಡುಗಳಲ್ಲಿ ವಾಸಿಸುವವರು ಯಾವ ಊರಿನವರು, ಅವರಿಗೆ ನೀರು ಎಲ್ಲಿಂದ ಬರುತ್ತದೆ ಎಂದು ನಮಗೆ ತಿಳಿದಿದೆಯೇ?

3. ಈ ತಿಂಗಳು ಅಂಥ ಒಂದು ಮನೆಗೆ ಹೋಗಿ, ಏನನ್ನೂ ಹೇಳುವ ಮುಂಚೆ ಅವರ ಮಾತು ಕೇಳಿ ಬರಲು ನಮ್ಮ ಕುಟುಂಬದಿಂದ ಯಾರು ಸಿದ್ಧರಿದ್ದಾರೆ?

ಪ್ರಾರ್ಥನೆ

ಶಿಷ್ಯರ ಕಾಲು ತೊಳೆದ ಪ್ರಭುವೇ, ನಮ್ಮ ಕೈಗಳ ಕೊಳೆಯ ಜೊತೆಗೆ ನಮ್ಮ ಕಣ್ಣಿನ ತಿರಸ್ಕಾರವನ್ನೂ ತೊಳೆದುಹಾಕಿರಿ. ನೀರಿಗಾಗಿ ಸಾಲಿನಲ್ಲಿ ನಿಂತ ತಾಯಂದಿರನ್ನು, ಜ್ವರದಲ್ಲಿ ಮಲಗಿದ ಮಕ್ಕಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ಅವರ ಹೊಸ್ತಿಲಲ್ಲಿ ಬಾಗುವ ಬೆನ್ನನ್ನು ನಮಗೆ ಕೊಡಿರಿ. ಆಮೆನ್.